ಒಳ್ಳೆಯ ಕಾರ್ಡಿನ ಮೇಲೆ ಎಡಗೈ

ನನ್ನಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್. ಯಂತ್ರ ನಿಲ್ಲಿಸದೆ ಅದರೊಳಗಿನ ಕೆಟ್ಟ ಸರ್ಕ್ಯೂಟ್ ಕಾರ್ಡು ಕಿತ್ತು ಹೊಸದು ಕೂರಿಸುವುದರಲ್ಲಿ ಎತ್ತಿದ ಕೈ. “ಓಡೋ ಬಸ್ಸಿನ ಚಕ್ರ ಬದಲಾಯಿಸೋ ಗಂಡಸು ನಿಮ್ಮಪ್ಪ” ಎಂದು ಅಮ್ಮ ರೇಗಿಸುತ್ತಿದ್ದಳು. ಆ ಗಂಡಸಿಗೆ ಮನೆಯ ಒಲೆಯ ಬರ್ನರ್ ಸರಿಮಾಡಲು ಮಾತ್ರ ಪುರುಸೊತ್ತೇ ಇರಲಿಲ್ಲ.

ಅಲ್ಲಿ ಕರೆಂಟು ಕೊಡುವ ಕಾರ್ಡುಗಳು ಜೋಡಿ. ಒಂದು ಕೆಟ್ಟರೆ ಕೆಂಪು ದೀಪ ಹತ್ತುತ್ತದೆ, ಇನ್ನೊಂದು ಎರಡರ ಭಾರವನ್ನೂ ಹೊರುತ್ತದೆ. ಕೆಟ್ಟದ್ದನ್ನು ಎಳೆಯಬೇಕು, ಅಷ್ಟೇ. ಅವಸರದಲ್ಲಿ ಒಳ್ಳೆಯದನ್ನು ಎಳೆದರೆ ಊರಿನ ಮಾತೆಲ್ಲ ಒಂದೇ ಏಟಿಗೆ ಬಂದ್. ಅದಕ್ಕೇ ಅಪ್ಪನದೊಂದು ಪದ್ಧತಿ: ಎಡಗೈ ಒಳ್ಳೆಯ ಕಾರ್ಡನ್ನು ಒತ್ತಿ ಹಿಡಿಯದೆ ಬಲಗೈ ಮುಂದೆ ಹೋಗಕೂಡದು. “ಮೊದಲು ಉಳಿಯೋದನ್ನ ಹಿಡ್ಕೋ, ಆಮೇಲೆ ಹೋಗೋದನ್ನ ಎಳಿ” ಎನ್ನುತ್ತಿದ್ದ.

ಅಮ್ಮ ಆಸ್ಪತ್ರೆ ಸೇರಿದಾಗ ನನಗೆ ದಡಾರ ಎದ್ದಿತ್ತು. ವಾರ್ಡಿನ ಬಾಗಿಲಿಗೂ ಬಿಡಲಿಲ್ಲ. ಅಜ್ಜಿಯ ಜೊತೆ ಮನೆಯಲ್ಲೇ ಉಳಿದೆ. ಒಂದು ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟು ನನ್ನನ್ನು ಕೇಳಿದಳಂತೆ. ಪಕ್ಕದಲ್ಲಿದ್ದ ಚಿಕ್ಕಮ್ಮ ಫೋನ್ ಹಚ್ಚಿಕೊಡಲು ಹೊರಟಳು. ಅಷ್ಟರಲ್ಲಿ ಎಕ್ಸ್‌ಚೇಂಜಿನವರು ಅಪ್ಪನನ್ನು ಹುಡುಕಿಕೊಂಡು ಬಂದರು: ಕೆಂಪು ದೀಪ, ಉಳಿದ ಕಾರ್ಡೂ ಬಿಸಿಯಾಗುತ್ತಿದೆ. ಲೈನ್ ಹೋದರೆ ತಾಯಿ ಮಗಳು ಮಾತಾಡುವುದು ಹೇಗೆ ಎಂದು ಅಪ್ಪ ಹೆಂಡತಿಯ ಪಕ್ಕದಿಂದ ಎದ್ದು ಓಡಿದ.

ಮನೆಯ ಫೋನ್ ಎತ್ತಿದೆ, ಅಮ್ಮನ ದನಿ ಬಂತು. “ತಲೆ ಬಾಚ್ಕೊಂಡ್ಯಾ? ಅಪ್ಪನ್ನ ಹಸ್ಕೊಂಡಿರೋಕೆ ಬಿಡ್ಬೇಡ. ನೋಡು ಪುಟ್ಟಿ, ನಿಂಗೆ ಒಂದು ಮಾತು…”

ಅಲ್ಲಿಗೆ ಲೈನ್ ಸತ್ತಿತು. ಹಲೋ ಹಲೋ ಎಂದು ಗಂಟಲು ಹರಿದುಕೊಂಡೆ. ಲೈನ್ ಮರಳುವ ಹೊತ್ತಿಗೆ ಅಮ್ಮನಿಗೆ ಪ್ರಜ್ಞೆ ತಪ್ಪಿತ್ತು. ಅದು ಮತ್ತೆ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಅಪ್ಪ ಕೇಳಿದ್ದು ಒಂದೇ. “ಅಮ್ಮ ಪೂರ್ತಿ ಮಾತಾಡಿದ್ಲಾ?”

ಅವನ ಮುಖ ನೋಡಿದೆ. “ಹೂಂ ಅಪ್ಪ. ಮಾತು ಮುಗಿಸಿ ಅವಳೇ ಫೋನ್ ಇಟ್ಳು.”

ಅಪ್ಪ ತಲೆಯಾಡಿಸಿದ. ಆಮೇಲೆ ಒಲೆಯ ಮುಂದೆ ಕೂತು ಬರ್ನರ್ ಬಿಚ್ಚಿದ.

ಅಂದಿನಿಂದ ಅವನು ತಾನಾಗಿ ಫೋನ್ ಇಟ್ಟಿದ್ದೇ ಇಲ್ಲ. ಅತ್ತಲಿನವರು ಇಡುವ ತನಕ ಕಿವಿಗೆ ಒತ್ತಿಕೊಂಡು ನಿಂತಿರುತ್ತಿದ್ದ. ನನ್ನ ಮದುವೆಯಾದ ಮೇಲೆ, “ಇಡಪ್ಪ, ಇಲ್ಲಿ ಅನ್ನ ಸೀದುಹೋಗ್ತಿದೆ” ಎಂದು ಗದರಿದರೂ ಅಷ್ಟೇ. “ನೀನೇ ಇಡು” ಎನ್ನುತ್ತಿದ್ದ.

ಕಳೆದ ವರ್ಷ ಆಸ್ಪತ್ರೆಯ ಮಂಚದಿಂದ ಅಪ್ಪನ ಫೋನ್ ಬಂತು. ನಾನು ಅವನನ್ನು ನೋಡಲೆಂದೇ ಹೊರಟು ಬಸ್ಸಿಗೆ ಕಾಯುತ್ತಿದ್ದೆ.

“ಅವತ್ತು ಕಣ್ಣು ಮಂಜಾಗಿತ್ತು ಪುಟ್ಟಿ. ಒರೆಸ್ಕೊಳ್ಳೋಕೆ ಎಡಗೈ ಎತ್ತಿದೆ. ಬಲಗೈ ಒಳ್ಳೇ ಕಾರ್ಡನ್ನೇ ಎಳೆದುಬಿಡ್ತು.”

“ಇಲ್ಲಪ್ಪ, ಅಮ್ಮ ಮಾತು ಮುಗಿಸಿದ್ಲು.”

“ಮಾತಿನ ಮಧ್ಯೆ ಲೈನ್ ಹೋಯ್ತು ಅಂತ ನಿಮ್ಮ ಚಿಕ್ಕಮ್ಮ ಅವತ್ತೇ ಹೇಳಿದ್ಲು. ನಿನ್ನ ಸುಳ್ಳು ಹಿಡ್ಕೊಂಡೇ ಇಷ್ಟು ದಿನ ಬದುಕಿದೆ.” ಸ್ವಲ್ಪ ಸುಧಾರಿಸಿಕೊಂಡು ಕೇಳಿದ. “ಅವಳು ಏನು ಹೇಳೋಕೆ ಹೊರಟಿದ್ಲು?”

“ಗೊತ್ತಿಲ್ಲಪ್ಪ.”

ಅಪ್ಪ ಅತ್ತ. ಬಸ್ ಸ್ಟ್ಯಾಂಡಿನ ಜನರ ನಡುವೆ ನಾನೂ ನಾಚಿಕೆ ಬಿಟ್ಟು ಅತ್ತೆ.

“ಈಗ ಇಡಮ್ಮ” ಎಂದ.

ನಾನು ಇಡಲಿಲ್ಲ. ಅವನೂ ಇಡಲಿಲ್ಲ. ಮೊಬೈಲು ಕಿವಿಗೆ ಒತ್ತಿಕೊಂಡು, ಅವನ ಉಸಿರು ಕೇಳುತ್ತಲೇ ಬಸ್ಸು ಹತ್ತಿದೆ. ದಾರಿಯಲ್ಲೆಲ್ಲೋ ಆ ಉಸಿರು ನಿಂತಿತು. ಲೈನ್ ಇನ್ನೂ ಇತ್ತು.