ಪರದೆಯ ಕೆಳಗೆ ಬಿದ್ದ ಎರಡು ಸಾಲು

ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ದೇವಸ್ಥಾನದ ಬೆಳಗಿನ ಪೂಜೆಗೆ ಹೊರಟ ಸುಘೋಷ ಭಟ್ಟರು ಅಂಗಳದಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದಾರೆ. "ತಂಗಿ ಆಗಲೇ ಎದ್ದಿದ್ದಾಳೆ, ನೀವು ಮೇಲೆ ಹೋಗಿ" ಎಂದು, ತಂಗಿಯ ಬಗ್ಗೆ ಬರೆಯಲು ಬಂದ ನನಗೆ ಹೊರಗಿನ ಮೆಟ್ಟಿಲು ತೋರಿಸಿ ಗೇಟು ದಾಟುತ್ತಾರೆ. ಮೇಲಿನ ಕೋಣೆಯ ಬಾಗಿಲು ತೆರೆದೇ ಇದೆ. ಒಳಗೆ ಪೂರ್ತಿ ಕತ್ತಲೆ. ಆ ಕತ್ತಲೆಯಿಂದ ಕೀಬೋರ್ಡಿನ ಸದ್ದು ಬರುತ್ತಿದೆ, ಜತೆಗೆ ಒಂದು ಯಂತ್ರದ ದನಿ. ಅದು ಎಷ್ಟು ವೇಗವಾಗಿ ಕನ್ನಡ ಓದುತ್ತಿದೆ ಎಂದರೆ ಹೊಸಬರ ಕಿವಿಗೆ ಒಂದು ಶಬ್ದವೂ ದಕ್ಕುವುದಿಲ್ಲ.

"ಓ, ಬಂದ್ರಾ? ಸ್ವಿಚ್ ಬಾಗಿಲಿನ ಎಡಗಡೆ ಉಂಟು, ಹಾಕಿ ಮಾರಾಯ್ರೆ. ನನಗೆ ಲೈಟಿನದ್ದು ನೆನಪೇ ಆಗುದಿಲ್ಲ."

ದೀಪ ಹಾಕಿದರೆ ಕಾಣುವುದು ನಲವತ್ತು ದಾಟಿದ ಒಬ್ಬ ಹೆಂಗಸು. ಮಿಂದ ತಲೆಗೂದಲಿಗೆ ಬೈರಾಸು ಸುತ್ತಿಕೊಂಡು, ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕುಳಿತಿದ್ದಾರೆ. ಲ್ಯಾಪ್‌ಟಾಪಿನ ಪರದೆಯೂ ಕಪ್ಪಾಗಿದೆ. ಅದರ ಬೆಳಕನ್ನು ಅವರೇ ಪೂರ್ತಿ ಇಳಿಸಿಟ್ಟಿದ್ದಾರೆ. "ನೋಡುವವರೇ ಇಲ್ಲ, ಸುಮ್ಮನೆ ಬ್ಯಾಟರಿ ಯಾಕೆ ಖರ್ಚು ಮಾಡುದು?" ಎಂದು ನಗುತ್ತಾರೆ.

ಇವರು ಅನಘ. ಕಣ್ಣು ಕಾಣದ ಇವರ ಉದ್ಯೋಗ ಬೇರೆಯವರ ಭಾಷಣ, ಪಾಠ, ಸೆಮಿನಾರುಗಳಿಗೆ ಸ್ಲೈಡ್ ಮಾಡಿಕೊಡುವುದು. ನಗರದ ಎಷ್ಟೋ ತರಗತಿಗಳ ಗೋಡೆಯ ಮೇಲೆ ದಿನಾ ಬೆಳಗುವ ಅಕ್ಷರಗಳು ಈ ಕತ್ತಲೆ ಕೋಣೆಯಿಂದ ಹೊರಟವು. ಅವುಗಳ ಅಡಿಯಲ್ಲಿ ಇವರ ಹೆಸರು ಇರುವುದಿಲ್ಲ. ಅವುಗಳಲ್ಲಿ ಒಂದನ್ನೂ ಇವರು ಕಂಡಿಲ್ಲ.

ಅನಘ ಮೊದಲು ಪಿಯು ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದರು. ಮೂವತ್ತರ ಹೊತ್ತಿಗೆ ರಾತ್ರಿ ದೃಷ್ಟಿ ಹೋಯಿತು. ಆಮೇಲೆ ಅಕ್ಕಪಕ್ಕ ಕಾಣುವುದು ನಿಂತು, ಲೋಕವೆಲ್ಲ ಒಂದು ಕೊಳವೆಯೊಳಗಿಂದ ನೋಡಿದ ಹಾಗಾಯಿತು. ಕೊಳವೆ ವರ್ಷದಿಂದ ವರ್ಷಕ್ಕೆ ಸಪೂರವಾಗುತ್ತ ಬಂತು. ಅಕ್ಷಿಪಟಲದ ಕಾಯಿಲೆ, ಮದ್ದಿಲ್ಲ ಎಂದರು ವೈದ್ಯರು. ಒಂದು ದಿನ ಬೋರ್ಡಿನ ಮೇಲೆ ಮೊದಲೇ ಇದ್ದ ಬರಹದ ಮೇಲೆಯೇ ಬರೆಯುತ್ತ ಹೋದದ್ದು, ಪಾಠ ಮುಗಿದ ಮೇಲೆ ಗೊತ್ತಾಯಿತು. ಮರುದಿನವೇ ರಾಜೀನಾಮೆ ಕೊಟ್ಟರು.

"ಯಾರೂ ಬಿಡಿ ಅಂತ ಹೇಳಲಿಲ್ಲ. ಎಲ್ಲ ಒಳ್ಳೆಯವರೇ. ಆದ್ರೆ ಸ್ಟಾಫ್ ರೂಮಿನಲ್ಲಿ ನಾನು ಬಂದ ಕೂಡಲೇ ಮಾತು ಸಣ್ಣ ಆಗ್ತಿತ್ತು. ಅದು ನನಗೆ ಆಗುದಿಲ್ಲ" ಎನ್ನುತ್ತಾರೆ.

ಆಮೇಲೆ ಒಂದು ತರಬೇತಿ ಕೇಂದ್ರಕ್ಕೆ ಹೋಗಿ, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಕಂಪ್ಯೂಟರ್ ಕಲಿತರು. ಹಳೆಯ ಸಹೋದ್ಯೋಗಿಗಳು ಸ್ಲೈಡ್ ಮಾಡಿಕೊಡುತ್ತೀರಾ ಎಂದು ಕೇಳಿದಾಗ ಒಪ್ಪಿಕೊಂಡರು. ಒಪ್ಪಿದ ಮೇಲೆ ತಿಳಿಯಿತು, ಎಲ್ಲರೂ ಬಳಸುವ ಸ್ಲೈಡ್ ತಂತ್ರಾಂಶ ಕಣ್ಣಿದ್ದವರಿಗೆಂದೇ ಮಾಡಿದ್ದು. ಪೆಟ್ಟಿಗೆಯನ್ನು ಮೌಸಿನಿಂದ ಎಳೆದು ಕೂರಿಸಬೇಕು. ಎಲ್ಲಿ ಕೂತಿತು ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳುಗಟ್ಟಲೆ ಅದರ ಜತೆ ಗುದ್ದಾಡಿ ಕೈಬಿಡುವ ಹೊತ್ತಿಗೆ, ತರಬೇತಿಯಲ್ಲಿ ಜತೆಗಿದ್ದ ಲಯನೆಲ್ ಎಂಬುವರು ಫೋನಿನಲ್ಲಿ ಒಂದು ದಾರಿ ಹೇಳಿಕೊಟ್ಟರು.

ಆ ದಾರಿ ಸರಳವಾಗಿದೆ. ಅನಘ ಅದನ್ನು ಮಾಡುತ್ತಲೇ ವಿವರಿಸುತ್ತಾರೆ. "ಇದು ಬರೀ ನೋಟ್‌ಪ್ಯಾಡ್. ಹೆಡಿಂಗಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದ್ರೆ ಅಲ್ಲಿಂದ ಹೊಸ ಸ್ಲೈಡ್. ಸಾಲಿನ ಮುಂದೆ ಸಣ್ಣ ಗೀಟು ಹಾಕಿದ್ರೆ ಅದೊಂದು ಪಾಯಿಂಟು. ಶಬ್ದದ ಆಚೆ ಈಚೆ ಎರಡೆರಡು ನಕ್ಷತ್ರ ಇಟ್ರೆ ದಪ್ಪ ಅಕ್ಷರ. ಇಷ್ಟೇ. ಎಲ್ಲ ಕಿವಿಗೆ ಕೇಳ್ತದೆ."

ಬರೆದು ಮುಗಿದ ಮೇಲೆ ಇನ್ನೊಂದು ಕಿಟಕಿ ತೆರೆಯುತ್ತಾರೆ. ಅಲ್ಲಿ ಚಿತ್ರವಿಲ್ಲ, ಬಟನ್ ಇಲ್ಲ. ಒಂದೇ ಸಾಲಿನ ಆಜ್ಞೆ ಟೈಪ್ ಮಾಡಬೇಕು: ಪರಿವರ್ತಿಸುವ ತಂತ್ರಾಂಶದ ಹೆಸರು, ಬರಹದ ಕಡತದ ಹೆಸರು, ಆಗಬೇಕಾದ ಸ್ಲೈಡ್ ಕಡತದ ಹೆಸರು. ಎಂಟರ್ ಒತ್ತಿ ಕಿವಿಗೊಡುತ್ತಾರೆ. ಏನೂ ಕೇಳುವುದಿಲ್ಲ. "ಆಯ್ತು. ತಪ್ಪಿದ್ರೆ ಮಾತ್ರ ಅದು ಮಾತಾಡುದು" ಎನ್ನುತ್ತಾರೆ. ಹ್ಯಾಶು, ಗೀಟುಗಳ ಸಾದಾ ಬರಹ ಅಷ್ಟರಲ್ಲಿ ಬಣ್ಣದ ಹಿನ್ನೆಲೆಯ ಸ್ಲೈಡುಗಳಾಗಿದೆ.

ಬೆಳಗಿನ ಜಾವವೇ ಅವರ ಕೆಲಸದ ಹೊತ್ತು. ಬಸ್ಸುಗಳ ಹಾರ್ನು, ಮಾರ್ಕೆಟಿನ ಗದ್ದಲ ಶುರುವಾದರೆ ಯಂತ್ರದ ದನಿ ಸರಿಯಾಗಿ ಕೇಳುವುದಿಲ್ಲ. ದಿನಕ್ಕೆ ಎರಡೋ ಮೂರೋ ಕೆಲಸ, ಪರೀಕ್ಷೆಯ ಕಾಲದಲ್ಲಿ ಇನ್ನೂ ಹೆಚ್ಚು. ಜನ ಬೇಕಾದುದನ್ನು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾರೆ. ಇವರು ಸ್ಲೈಡ್ ಕಳಿಸುತ್ತಾರೆ. ಮನೆಗೆ ಯಾರೂ ಬರುವ ಅಗತ್ಯ ಬೀಳುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೆಳಗಿಳಿದಾಗ ಅಣ್ಣನ ಮನೆಯವರ ಜತೆ ಎರಡು ಮಾತು, ಮತ್ತೆ ಮೇಲೆ. "ಎಷ್ಟೋ ಜನರ ಸ್ವರ ನನಗೆ ಗೊತ್ತುಂಟು. ಯಾರಿಗೆ ಶೀತ ಆಗಿದೆ, ಯಾರು ಹೊಸ ಮನೆಗೆ ಹೋದ್ರು, ಎಲ್ಲ ಸ್ವರದಲ್ಲೇ ಗೊತ್ತಾಗ್ತದೆ. ಅವರಿಗೆ ನನ್ನದು ಎಂತದೂ ಗೊತ್ತಿಲ್ಲ. ನಾನು ಫೈಲ್ ಮಾತ್ರ ಕಳಿಸುದಲ್ವಾ?"

ಎರಡು ವರ್ಷದ ಹಿಂದೆ ನಡೆದ ಸಂಗತಿಯನ್ನು ಅವರು ತಾವಾಗಿಯೇ ಹೇಳುತ್ತಾರೆ. ಹೇಳುವಾಗ ಕೈ ಕೀಬೋರ್ಡಿನಿಂದ ಇಳಿದು ಮಡಿಲಿಗೆ ಬರುತ್ತದೆ.

ಹೊಳೆಯಾಚೆಯ ಬೆಂಗ್ರೆಯ ಸುಹರಾ ಎಂಬುವರು ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಆಶಾ ಕಾರ್ಯಕರ್ತೆಯರಿಗೆ ಬಾಣಂತಿ, ಶಿಶುಗಳ ಆರೈಕೆಯ ತರಬೇತಿಯನ್ನೂ ಕೊಡುತ್ತಿದ್ದರು. ಅವರ ಸ್ಲೈಡುಗಳೆಲ್ಲ ಅನಘರ ಕೈಯವು. ಹುಟ್ಟಿದ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು ಎಂಬ ಒಂದು ಸ್ಲೈಡಿನಲ್ಲಿ ಎಂಟು ಸಾಲುಗಳಿದ್ದವು. ಬರೆದುಕೊಳ್ಳಿ ಎಂದು ಅದನ್ನು ಹಾಕಿಟ್ಟು ಸುಹರಾ ಹಾಜರಿ ತೆಗೆದುಕೊಳ್ಳಲು ಹೋಗುವುದು ರೂಢಿ. ಎರಡನೆಯ ತಂಡದ ತರಬೇತಿಯ ಕೊನೆಗೆ, ಲಕ್ಷಣಗಳು ಎಷ್ಟು ಎಂದು ಕೇಳಿದರೆ ಇಡೀ ಕೋಣೆ ಒಟ್ಟಿಗೆ "ಆರು" ಎಂದಿತು.

ಸುಹರಾ ಆ ಸ್ಲೈಡನ್ನು ಮತ್ತೆ ಹಾಕಿ ಪರದೆ ನೋಡಿದರು. ಕೊನೆಯ ಎರಡು ಸಾಲು ಅಲ್ಲಿ ಇರಲಿಲ್ಲ. ಮೈ ತಣ್ಣಗಾಗುವುದು, ಅಂಗಾಲು ಹಳದಿಯಾಗುವುದು. ಎದುರಿಗಿದ್ದವರಿಗೆ ಅಲ್ಲಿಯೇ ಬಾಯಲ್ಲಿ ಹೇಳಿ ಬರೆಸಿದರು. ಆದರೆ ಹಿಂದಿನ ವಾರದ ತಂಡ ಅದೇ ಆರನ್ನು ಬರೆದುಕೊಂಡು ಮನೆಗೆ ಹೋಗಿಯಾಗಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಹೋದಾಗ ಬಾಗಿ ಎಂಬ ಕಾರ್ಯಕರ್ತೆ ಅರ್ಧದಲ್ಲೇ ತಡೆದರು. "ಅಯ್ಯೋ ಟೀಚರ್, ನಮ್ಮ ಕೆಳಗಿನ ಮನೆಯ ಮಗುವಿನ ಕಾಲು ಹಳದಿ ಉಂಟು. ಬಿಸಿಲಿಗೆ ಹಿಡೀರಿ, ಹೋಗ್ತದೆ ಅಂತ ನಾನೇ ಹೇಳಿದ್ದು." ಆ ಸಂಜೆಯೇ ಮಗುವನ್ನು ಆಸ್ಪತ್ರೆಗೆ ಸೇರಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಹೇಳುವುದು ಕಷ್ಟವಿತ್ತು ಎಂದರಂತೆ ಅಲ್ಲಿಯ ವೈದ್ಯರು.

ಮರುದಿನ ಸುಹರಾ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು, ಮೊದಲ ಬಾರಿಗೆ ಈ ಮೆಟ್ಟಿಲು ಹತ್ತಿದರು. ಅವರ ನಡುವಿನ ಮಾತು ಅನಘರಿಗೆ ಅಕ್ಷರಶಃ ನೆನಪಿದೆ.

"ಅಕ್ಕ, ನಿಮ್ಮ ಸ್ಲೈಡಿನಲ್ಲಿ ಕೊನೆಯ ಎರಡು ಸಾಲು ಇಲ್ಲ."

"ಉಂಟಲ್ಲ ಸುಹರಾ. ನಾನೇ ಟೈಪ್ ಮಾಡಿದ್ದೇನೆ. ಬೇಕಾದ್ರೆ ಈಗಲೇ ಓದಿಸ್ತೇನೆ, ಕೇಳು."

ಯಂತ್ರ ಎಂಟು ಸಾಲನ್ನೂ ತಪ್ಪಿಲ್ಲದೆ ಓದಿತು. ಸುಹರಾ ಪರದೆಯ ಬೆಳಕು ಏರಿಸಿ ನೋಡಿದರು.

"ಫೈಲಿನಲ್ಲಿ ಉಂಟು ಅಕ್ಕ. ಕಾಣುವ ಜಾಗದಲ್ಲಿ ಇಲ್ಲ. ಚೌಕಟ್ಟಿನಿಂದ ಕೆಳಗೆ ಬಿದ್ದಿದೆ."

ಸಾಲು ಹೆಚ್ಚಾದರೆ ಆ ತಂತ್ರಾಂಶ ಅಕ್ಷರವನ್ನು ಸಣ್ಣದು ಮಾಡುವುದಿಲ್ಲ. ಬರಹ ಸ್ಲೈಡಿನ ಅಂಚು ದಾಟಿ ಕೆಳಗೆ ಹೋಗುತ್ತದೆ. ಓದಿ ಹೇಳುವ ದನಿಗೆ ಅಂಚು ಎಂಬುದೇ ಗೊತ್ತಿಲ್ಲ. ಕಡತದಲ್ಲಿ ಇದ್ದುದನ್ನೆಲ್ಲ ಅದು ಓದುತ್ತದೆ. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಎಷ್ಟು ಸಾಲು ಹೀಗೆ ಬಿದ್ದು ಹೋಗಿರಬಹುದು ಎಂದು ಅನಘ ಲೆಕ್ಕ ಹಾಕತೊಡಗಿದರು. ಸುಹರಾ ಹೋದ ಮೇಲೆ ಹಳಬರಿಗೆಲ್ಲ ಫೋನ್ ಮಾಡಿದರು. ಮೊದಲಿನಿಂದಲೂ ಇವರಿಂದ ಸ್ಲೈಡ್ ಮಾಡಿಸಿಕೊಳ್ಳುತ್ತಿದ್ದ ಪ್ರಾಧ್ಯಾಪಕರೊಬ್ಬರು ತುಂಬ ಮೆತ್ತಗೆ ಹೇಳಿದರು: "ಅದು ಯಾವಾಗಲೂ ಹಾಗೇ ಇತ್ತು ಮೇಡಂ. ನಾನೇ ಸರಿ ಮಾಡ್ಕೊಳ್ತಿದ್ದೆ. ನಿಮಗೆ ಬೇಜಾರು ಆಗುದು ಬೇಡ ಅಂತ."

ಇನ್ನೊಬ್ಬರೂ ಅದನ್ನೇ ಹೇಳಿದರು. ಮತ್ತೊಬ್ಬರು ಅದೇ ಕಾರಣಕ್ಕೆ ಬೇರೆ ಕಡೆ ಮಾಡಿಸಲು ಶುರುಮಾಡಿ, ಇವರಲ್ಲಿ ಮಾತ್ರ "ಈಗ ಸೆಮಿನಾರ್ ಕಡಿಮೆ" ಎನ್ನುತ್ತಿದ್ದರು.

"ಆ ದಿನ ನಾನು ಕೂಗಿದ ಹಾಗೆ ಕಣ್ಣು ಹೋದಾಗಲೂ ಕೂಗಲಿಲ್ಲ" ಎನ್ನುತ್ತಾರೆ ಅನಘ. ಈ ಕಡೆ ಕೂಗುವುದೆಂದರೆ ಅಳುವುದು. "ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರ್ಲಿಲ್ಲ. ಪಾಪ ಅಂತ ಸುಮ್ಮನಾದ್ರು. ಆ ಪಾಪ ಒಂದು ಮಗುವಿನ ಮೇಲೆ ಬೀಳ್ತಿತ್ತಲ್ಲ ಮಾರಾಯ್ರೆ."

ಮಗು ಮನೆಗೆ ಬರುವ ತನಕ ದಿನಾ ಸುಹರಾಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಬಂತು ಎಂದು ತಿಳಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟರು. ಬಂದ ಕೆಲಸಗಳಿಗೆಲ್ಲ ಆಗುವುದಿಲ್ಲ ಎಂದರು. ಕೆಲವು ವಾರ ಹಾಗೇ ಕಳೆಯಿತು. ಮತ್ತೆ ಬಂದವರು ಸುಹರಾ ಒಬ್ಬರೇ.

"ಬೈಯ್ಲಿಕ್ಕೆ ಬಂದವಳು ನಾನೇ, ಕೆಲಸ ಕೊಡ್ಲಿಕ್ಕೂ ನಾನೇ ಬಂದಿದ್ದೇನೆ. ಬನ್ನಿ, ಎಷ್ಟು ಸಾಲು ಹಿಡಿತದೆ ಅಂತ ನೋಡುವ" ಎಂದರಂತೆ.

ಇಬ್ಬರೂ ಒಂದು ಮಧ್ಯಾಹ್ನ ಪೂರ್ತಿ ಕುಳಿತರು. ಅನಘ ಒಂದೊಂದೇ ಸಾಲು ಸೇರಿಸಿ ಆಜ್ಞೆ ಕೊಡುವುದು, ಸುಹರಾ ನೋಡಿ ಹೇಳುವುದು. "ಈಗ?" "ಉಂಟು." "ಈಗ?" "ಒತ್ತು ಅಕ್ಷರದ ಬಾಲ ಕಾಣುದಿಲ್ಲ." ಸಾಲು ಉದ್ದವಾದರೆ ಮಡಚಿ ಎರಡಾಗುತ್ತದೆ, ಆಗ ಇನ್ನೂ ಬೇಗ ಜಾಗ ಮುಗಿಯುತ್ತದೆ. ಹೀಗೆ ನೋಡುತ್ತ ನೋಡುತ್ತ ಅನಘ ತಮಗೊಂದು ನಿಯಮ ಮಾಡಿಕೊಂಡರು. ಒಂದು ಸ್ಲೈಡಿಗೆ ಐದೇ ಸಾಲು, ಸಾಲೂ ಗಿಡ್ಡ. ಹೆಚ್ಚಿದ್ದರೆ ಹೊಸ ಹ್ಯಾಶ್, ಹೊಸ ಸ್ಲೈಡ್. ನಿಯಮ ಮೀರಿದರೆ ಟಣ್ ಎಂದು ಸದ್ದು ಮಾಡುವ ಒಂದು ಪುಟ್ಟ ಪ್ರೋಗ್ರಾಮನ್ನೂ ಲಯನೆಲ್ ಅವರನ್ನು ಕೇಳಿ ಬರೆದುಕೊಂಡರು.

ಮುಂದಿನ ತರಬೇತಿಗೆ ಸುಹರಾ ಅನಘರನ್ನೂ ಕರೆದುಕೊಂಡು ಹೋದರು. ತಮ್ಮ ಸ್ಲೈಡ್ ಬೆಳಗುತ್ತಿರುವ ಕೋಣೆಯೊಂದರಲ್ಲಿ ಅನಘ ಕುಳಿತದ್ದು ಅದೊಂದೇ ಸಲ. ಹಿಂದಿನ ಸಾಲಿನಲ್ಲಿ ಕೂತು ಪೆನ್ನುಗಳ ಸದ್ದು ಕೇಳುತ್ತಿದ್ದರು. ಒಂದು ಸ್ಲೈಡ್ ಮುಗಿಯಿತು, ಎರಡನೆಯದಕ್ಕೂ ಪೆನ್ನುಗಳು ಓಡಿದವು. ಕೊನೆಗೆ ಎಷ್ಟು ಎಂದು ಕೇಳಿದಾಗ ಕೋಣೆ "ಎಂಟು" ಎಂದಿತು. "ನನ್ನ ಪಕ್ಕದಲ್ಲಿದ್ದವಳು ನನ್ನನ್ನೂ ಟ್ರೈನಿಂಗಿಗೆ ಬಂದವಳು ಅಂತ ಗ್ರಹಿಸಿ, ನೀವು ಬರ್ಕೊಳ್ಳುದಿಲ್ವಾ ಅಂತ ಕೇಳಿದಳು. ನನಗೆ ಬಾಯಿಪಾಠ ಉಂಟು ಅಂದೆ."

ಕಳೆದ ವರ್ಷ ಸುಹರಾಗೆ ಸೌದಿಯ ಆಸ್ಪತ್ರೆಯೊಂದರಲ್ಲಿ ಕೆಲಸವಾಯಿತು. ಹೊರಡುವ ಮುನ್ನ ಬಂದು ಹೇಳಿ ಹೋದರು. ಮೊದಮೊದಲು ಶುಕ್ರವಾರ ತಪ್ಪದೆ ಫೋನ್ ಬರುತ್ತಿತ್ತು. ಈಗ ಪಾಳಿಯ ಕೆಲಸ, ಅಪರೂಪ. ಅನಘ ಅದನ್ನು ದೂರಿನಂತೆ ಹೇಳುವುದಿಲ್ಲ. ಆದರೆ ಅವರ ಸ್ಲೈಡುಗಳನ್ನು ನೋಡಿ ಹೇಳುವವರು ಮತ್ತೆ ಯಾರೂ ಇಲ್ಲ. ಪ್ರತಿ ಕೆಲಸದ ಜತೆ "ಎಲ್ಲಿಯಾದರೂ ತಪ್ಪು ಕಂಡರೆ ದಯವಿಟ್ಟು ತಿಳಿಸಿ" ಎಂದು ಬರೆದು ಕಳಿಸುತ್ತಾರೆ. ಉತ್ತರವಾಗಿ ಹೆಬ್ಬೆರಳಿನ ಚಿತ್ರ ಬರುತ್ತದೆ, ಕೈಮುಗಿದ ಚಿತ್ರ ಬರುತ್ತದೆ. ಯಂತ್ರ ಅವುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತದೆ: ಥಂಬ್ಸ್ ಅಪ್, ಫೋಲ್ಡೆಡ್ ಹ್ಯಾಂಡ್ಸ್.

ಹೊರಗೆ ಬೆಳಕಾಗಿದೆ. ಕೆಳಗೆ ಓಣಿಯ ತುದಿಯಲ್ಲಿ ಸಿಟಿ ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ ಈ ಕೋಣೆಯಲ್ಲಿ ಕಿವಿಯ ಕೆಲಸ ನಡೆಯುವುದಿಲ್ಲ. ಹೊರಡಲೆಂದು ಎದ್ದರೆ ಅನಘ ತಡೆಯುತ್ತಾರೆ. ಪರದೆಯ ಬೆಳಕು ಏರಿಸುವ ಕೀಲಿ ಹುಡುಕಿ ಒತ್ತುತ್ತಾರೆ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸುತ್ತಾರೆ.

"ಒಂದು ಉಪಕಾರ ಆಗ್ಬೇಕಿತ್ತು. ಇವತ್ತು ಮಾಡಿದ್ದನ್ನು ಒಮ್ಮೆ ನೋಡಿ ಹೇಳ್ತೀರಾ? ಚೆಂದ ಉಂಟು ಅಂತ ಮಾತ್ರ ಹೇಳ್ಬೇಡಿ."

ಮಣ್ಣಿನ ಬಗ್ಗೆ ಯಾರೋ ಉಪನ್ಯಾಸಕರ ಪಾಠ. ಒಂದೊಂದೇ ಸ್ಲೈಡ್ ದಾಟಿಸುತ್ತೇನೆ. ಸಾಲುಗಳೆಲ್ಲ ಅಂಚಿನ ಒಳಗೇ ಇವೆ. ನಾಲ್ಕನೆಯದಕ್ಕೆ ಬಂದಾಗ, ಬಂದದ್ದು ಹೊಗಳಿ ಬರೆಯಲಿಕ್ಕೆ ಎಂಬ ಸಂಕೋಚದಿಂದ ಬೆರಳು ಮುಂದಿನ ಸ್ಲೈಡಿನತ್ತ ಹೋಗಿ ನಿಲ್ಲುತ್ತದೆ. ಅವರು ತಲೆ ತುಸು ಬಾಗಿಸಿ ಕಾಯುತ್ತಿದ್ದಾರೆ.

"ಇಲ್ಲಿ ಹೆಡಿಂಗು ಉದ್ದವಾಗಿದೆ. ಎರಡನೆಯ ಸಾಲಿಗೆ ಇಳಿದು ಕೆಳಗಿನ ಪಾಯಿಂಟಿಗೆ ತಾಗುತ್ತಿದೆ" ಎನ್ನುತ್ತೇನೆ.

"ಹೌದಾ!"

ಲ್ಯಾಪ್‌ಟಾಪ್ ಮತ್ತೆ ಅವರ ಕಡೆ ತಿರುಗುತ್ತದೆ. ಬೈರಾಸು ಬಿಚ್ಚಿ ಹೆಗಲ ಮೇಲೆ ಬಿದ್ದದ್ದೂ ಗೊತ್ತಾಗದ ಹಾಗೆ ಬೆರಳುಗಳು ಆ ಸಾಲನ್ನು ಹುಡುಕುತ್ತಿವೆ. ಯಂತ್ರ ಓದುತ್ತದೆ, ಎರಡು ಶಬ್ದ ಅಳಿಸುತ್ತಾರೆ, ಮತ್ತೆ ಓದುತ್ತದೆ. ಮುಖವೆಲ್ಲ ಅರಳಿದೆ.

"ಇನ್ನು?" ಎಂದು ಕೇಳುತ್ತಾರೆ. "ಇನ್ನೆಂತ ಉಂಟು, ಹೇಳಿ."