ಧರ್ಮಪ್ಪನವರ ಮೈಕ್ರೋಸ್ಕೋಪು

ಭದ್ರಾವತಿಯ ಓಲ್ಡ್ ಟೌನ್‌ನ ಧರ್ಮಪ್ಪ ಮೂವತ್ತು ವರ್ಷ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದರು. ಮೈಕ್ರೋಸ್ಕೋಪು ಒರೆಸಿ ಮೇಜಿನ ಮೇಲಿಡುವುದು, ಸಂಜೆ ಎತ್ತಿ ಬೀರುವಿಗೆ ಸೇರಿಸುವುದು, ಇಷ್ಟೇ ಕೆಲಸ. ಸೇರಿದ ಹೊಸದರಲ್ಲಿ ಆಸೆ ತಡೆಯಲಾರದೆ ಅದರ ತಿರುಪು ತಿರುಗಿಸಿ ಗಾಜು ಒಡೆದಿದ್ದರು. ಮೇಷ್ಟ್ರು ಎಲ್ಲರೆದುರು ಬೈದು, "ನೋಡೋದಾದ್ರೆ ಕೈ ಹಿಂದೆ ಕಟ್ಕೊಂಡು ನೋಡು" ಎಂದಿದ್ದರು. ಧರ್ಮಪ್ಪ ಹಾಗೇ ನೋಡಿದರು. ಹುಡುಗರು ಊಟಕ್ಕೆ ಹೋದ ಮೇಲೆ, ಯಾರೋ ಬಿಟ್ಟುಹೋದ ನೊಣದ ರೆಕ್ಕೆಯನ್ನೋ ಎಲೆಯ ನರವನ್ನೋ ಕೈ ಕಟ್ಟಿಕೊಂಡೇ ನೋಡುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿರಲಿಲ್ಲ.

೧೯೯೮ರಲ್ಲಿ ನಿವೃತ್ತರಾದಾಗ ಕಾಲೇಜಿನವರು ಶಾಲು ಹೊದಿಸಿ, ಮೂಲೆಗೆ ಬಿದ್ದಿದ್ದ ಹಳೆಯ ಮೈಕ್ರೋಸ್ಕೋಪೊಂದನ್ನು ಕೈಗಿತ್ತರು. ಶಾಲು ಟ್ರಂಕು ಸೇರಿತು. ಮೈಕ್ರೋಸ್ಕೋಪನ್ನು ಧರ್ಮಪ್ಪ ಹಳ್ಳಿ ಶಾಲೆಗಳಿಗೆ ಹೊತ್ತುಕೊಂಡು ಹೊರಟರು. ತಮಗೆ ಕಂಡದ್ದು ಆ ಮಕ್ಕಳಿಗೂ ಕಾಣಬೇಕು, ಅದೊಂದೇ ಹಟ. "ಪೆನ್ಷನ್ ತಗೊಂಡು ಸುಮ್ನೆ ಕೂತ್ಕೊಳೋಕೆ ಏನು ಕಷ್ಟ ನಿಮಗೆ" ಎಂದು ಗೊಣಗಿದ ಹೆಂಡತಿ ದ್ಯಾಮಮ್ಮನೇ ತನ್ನ ಹಳೆ ಸೀರೆಯಲ್ಲಿ ಅದನ್ನು ಕೂಸಿನಂತೆ ಸುತ್ತಿಕೊಟ್ಟಳು.

ಮೂರು ಶಾಲೆ ಮುಗಿದವು. ಎಲ್ಲ ಕಡೆಯೂ ಮಕ್ಕಳು ಸಾಲಾಗಿ ಬಂದು, ಧರ್ಮಪ್ಪ ಹೇಳಿದಂತೆ ಕೈ ಹಿಂದೆ ಕಟ್ಟಿ, ಬಗ್ಗಿ ನೋಡಿ, "ಕಾಣ್ತು ಸಾರ್" ಎಂದು ಮುಂದೆ ಹೋದವು. ಆ ಸಂಭ್ರಮವನ್ನು ದ್ಯಾಮಮ್ಮನಿಗೆ ಎಷ್ಟು ಸಲ ಹೇಳಿದರೂ ಅವರಿಗೆ ದಣಿವಿರಲಿಲ್ಲ.

ನಾಲ್ಕನೆಯದು ಹೊಳಲೂರಿನ ಶಾಲೆ. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಹೋದರು. ಟೀಚರ್ ಸೀತಾಲಕ್ಷ್ಮಿ ಕಿಟಕಿಯ ಬಳಿ ಮೇಜು ಹಾಕಿಸಿಕೊಟ್ಟರು. ಧರ್ಮಪ್ಪ ಈರುಳ್ಳಿಯ ಪೊರೆ ಬಿಡಿಸಿ ಗಾಜಿನ ಮೇಲಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಈಚೆಗೆ ಬಂದಿದ್ದ ದಪ್ಪ ಕನ್ನಡಕ ತೆಗೆದು, ತಮ್ಮ ಕಣ್ಣಿಗೆ ಚೆನ್ನಾಗಿ ಕಾಣುವಂತೆ ತಿರುಪು ಹೊಂದಿಸಿದರು. ಇಪ್ಪತ್ತು ಮಕ್ಕಳು "ಕಾಣ್ತು ಸಾರ್" ಎಂದವು. ಇಪ್ಪತ್ತೊಂದನೆಯವಳು ಐದನೇ ಕ್ಲಾಸಿನ ಯಶೋಧರಾ. ಬಗ್ಗಿದವಳು ಏಳಲೇ ಇಲ್ಲ.

"ಕಾಣ್ತೇನಮ್ಮ?"

"ಇಲ್ಲ ಸಾರ್. ಬರೀ ಮಂಜು."

"ಇಷ್ಟು ಜನಕ್ಕೆ ಕಂಡಿದ್ದು ನಿನಗ್ಯಾಕೆ ಕಾಣಲ್ಲ?" ಧರ್ಮಪ್ಪನಿಗೆ ಸಿಟ್ಟೇ ಬಂತು.

"ಅವ್ರಿಗೂ ಕಂಡಿಲ್ಲ ಸಾರ್. ನೀವು ಅಷ್ಟು ದೂರದಿಂದ ಹೊತ್ಕೊಂಡು ಬಂದಿದೀರ, ಬೇಜಾರಾಗುತ್ತೆ ಅಂತ ಹಂಗಂದ್ರು."

ಧರ್ಮಪ್ಪ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಮುದಿಗಣ್ಣಿಗೆ ಹೊಂದಿಸಿದ್ದು ಈ ಎಳೆಗಣ್ಣುಗಳಿಗೆ ಹೊಂದುವುದು ಹೇಗೆ? ಒಬ್ಬೊಬ್ಬರೂ ತಮ್ಮ ಕಣ್ಣಿಗೆ ತಿರುಗಿಸಿಕೊಳ್ಳಬೇಕು. ಅವರ ಕೈ ಕಟ್ಟಿಸಿದವರು ತಾವೇ. ಹಿಂದಿನ ಮೂರು ಊರಿನ ಮಕ್ಕಳಿಗೂ ಕಂಡದ್ದು ಇದೇ ಮಂಜು. ಆದರೂ ಮುಟ್ಟು ಎನ್ನಲು ನಾಲಿಗೆ ಏಳದು. ಇರುವುದು ಒಂದೇ, ಕೆಟ್ಟರೆ?

"ತಿರುಗ್ಸು" ಎಂದರು ಕೊನೆಗೆ.

ಯಶೋಧರಾ ತಿರುಗಿಸಿದಳು. ಟಪ್ ಎಂದು ಈರುಳ್ಳಿ ಪೊರೆಯ ಮೇಲಿನ ಗಾಜು ಒಡೆಯಿತು. ಹುಡುಗಿಯ ಎರಡೂ ಕೈ ಸರಕ್ಕನೆ ಬೆನ್ನ ಹಿಂದೆ ಹೋದವು. ಬೈಯಲು ಬಾಯಿ ತೆರೆದಿದ್ದ ಧರ್ಮಪ್ಪನ ಕಣ್ಣು ಆ ಕೈಗಳ ಮೇಲೆ ಬಿತ್ತು.

"ಗಾಜು ತಾನೇ, ಹೋಗ್ಲಿ ಬಿಡು. ನಾನೂ ಒಡೆದಿದ್ದೆ. ಕೈ ಮುಂದೆ ತಗೊ" ಎಂದರು. "ಈ ಸಲ ಈರುಳ್ಳಿ ನೀನೇ ಬಿಡಿಸು."

ಅವಳೇ ಬಿಡಿಸಿದಳು, ಅವಳೇ ಇಟ್ಟಳು, ನಿಧಾನವಾಗಿ ತಿರುಗಿಸಿದಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದಳು: "ನಮ್ಮವ್ವ ಗೂಡಲ್ಲಿ ಇಟ್ಟಿಗೆ ಜೋಡಿಸ್ತಾಳಲ್ಲ, ಹಂಗೇ ಇದೆ ಸಾರ್."

ಆಮೇಲೆ ಸಾಲು ಎಲ್ಲಿಯದು? ಕಾಣ್ತು ಎಂದಿದ್ದ ಇಪ್ಪತ್ತು ಮಕ್ಕಳೂ ಮತ್ತೆ ಮುತ್ತಿಕೊಂಡವು. ಧರ್ಮಪ್ಪನ ಬಸ್ಸು ತಪ್ಪಿತು.

ಎಲ್ಲರದೂ ಮುಗಿದ ಮೇಲೆ ಯಶೋಧರಾ ಇನ್ನೊಮ್ಮೆ ತಿರುಪು ಹೊಂದಿಸಿ, "ಈಗ ನೀವು ನೋಡಿ ಸಾರ್" ಎಂದಳು. ಧರ್ಮಪ್ಪ ಕನ್ನಡಕ ತೆಗೆದು ಬಗ್ಗಿದರು. ಅಭ್ಯಾಸಬಲದಿಂದ ಅವರ ಕೈಗಳು ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡವು.

"ಕಾಣ್ತಾ ಸಾರ್?"

ಕಾಣ್ತು ಎನ್ನಲು ಹೊರಟವರು ತಡೆದುಕೊಂಡರು. "ಇಲ್ಲಮ್ಮ. ಬರೀ ಮಂಜು."

ಹುಡುಗಿ ಅವರ ಬೆನ್ನ ಹಿಂದಿನಿಂದ ಬಲಗೈ ಬಿಡಿಸಿ ತಂದು ತಿರುಪಿನ ಮೇಲಿಟ್ಟಳು.