ನತ್ತು ಬಲಕ್ಕೆ ಬಂದ ಮುಖಪುಟ

ಮರಾಠಿಯ ಐತಿಹಾಸಿಕ ಕಾದಂಬರಿಗಳನ್ನು ಓದುವವರಿಗೆಲ್ಲ ಹೇರಂಬ ಬಿವಲ್ಕರನ ಹೆಂಡತಿಯ ಬೆನ್ನು ಚೆನ್ನಾಗಿ ಪರಿಚಯ. ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇದರಲ್ಲಿ ತಪ್ಪು ತಿಳಿಯುವಂಥದ್ದೇನೂ ಇಲ್ಲ. ಹೇರಂಬ ಪುಣೆಯ ಸದಾಶಿವ ಪೇಠೆಯಲ್ಲಿ ಎರಡು ಕೋಣೆಯ ಮನೆಯೊಳಗೆ ಕೂತು ಪುಸ್ತಕಗಳಿಗೆ ಮುಖಪುಟ ಮಾಡುತ್ತಿದ್ದ. ಮೊದಲು ಕುಂಚ ಹಿಡಿದು ಬರೆಯುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಫೋಟೋಗಳನ್ನು ಕತ್ತರಿಸಿ ಕೂಡಿಸುವುದನ್ನು ಕಲಿತ. ಬುರುಜು ಒಂದು ಫೋಟೋದ್ದು, ಮೋಡ ಇನ್ನೊಂದರದ್ದು, ಕುದುರೆ ರೇಸಿನ ಮೈದಾನದ್ದು. ಹೆಣ್ಣು ಬೇಕಾದಾಗ ಹುಡುಕಿಕೊಂಡು ಹೋಗುವ ಪ್ರಶ್ನೆಯೇ ಇರಲಿಲ್ಲ, ಕುಮುದ ಮನೆಯಲ್ಲೇ ಇದ್ದಳು. ಒಗ್ಗರಣೆ ಹಾಕಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕಿಟಕಿಯ ಬಳಿ ನಿಲ್ಲುವಳು. ಒಂದು ದಿನ ಪೇಶವೆಯ ಸೊಸೆ, ಇನ್ನೊಂದು ದಿನ ಕೊಂಕಣದ ಮೀನುಗಾರ ಹೆಂಗಸು, ಮತ್ತೊಂದು ದಿನ ದೀಪ ಹಿಡಿದ ದಾಸಿ. ಬೆನ್ನು, ಜಡೆ, ಕೈ, ಹೆಜ್ಜೆ ಅವಳದ್ದು. ಮುಖ ಕಾಣಬೇಕಾದಲ್ಲಿ ಹೇರಂಬ ಅವಳ ತಲೆಯನ್ನು ಅಳಿಸಿ ಬೇರೆ ಯಾರದ್ದೋ ಎಳೆಯ ಮುಖವನ್ನು ಕೂರಿಸುತ್ತಿದ್ದ. ಹೀಗೆ ನಲವತ್ತೊಂದು ಪುಸ್ತಕಗಳು.

"ನನ್ನ ತಲಿ ನಿಮಗ ಯಾವಾಗರ ಉಪಯೋಗಕ್ಕ ಬಂದದೇನ್ರೀ?" ಎಂದು ಕುಮುದ ಕೇಳುವಳು.

"ಬರತದ. ಅಜ್ಜಿ ಪಾತ್ರದ ಕಾದಂಬರಿ ಬರಲಿ."

ಇಬ್ಬರೂ ನಗುತ್ತಿದ್ದರು. ಮಕ್ಕಳಿಲ್ಲದ ಮನೆ, ನಗುವಿಗೆ ಬೇರೆ ಬಂಡವಾಳ ಇರಲಿಲ್ಲ. ಅವಳ ಫೋಟೋ ಸಾವಿರಗಟ್ಟಲೆ ತೆಗೆದಿದ್ದ. ಆದರೆ ಕೆಲಸ ಮುಗಿದ ಮೇಲೆ ಜಾಗ ತಿನ್ನುತ್ತದೆಂದು ಮೂಲ ಫೋಟೋಗಳನ್ನೆಲ್ಲ ಅಳಿಸಿಬಿಡುವ ಅಭ್ಯಾಸ ಅವನದು. ಮದುವೆಯ ಫೋಟೋದಲ್ಲಿ ಬಾಸಿಂಗದ ಮುತ್ತಿನ ಎಳೆಗಳು ಅವಳ ಮುಖವನ್ನು ಅರ್ಧ ಮುಚ್ಚಿದ್ದವು. ಮುಖ ಪೂರ್ತಿ ಕಾಣುವ ಒಂದು ಪಟವೂ ಮನೆಯಲ್ಲಿ ಇಲ್ಲ ಎನ್ನುವುದು ಗಮನಕ್ಕೆ ಬಂದದ್ದು, ಆ ಮುಖವೇ ಕೆಟ್ಟ ಮೇಲೆ.

ದೀಪಾವಳಿ ಮುಗಿದ ವಾರ ಕುಮುದಳ ಎಡ ದವಡೆಯ ಗಂಟನ್ನು ಡಾಕ್ಟರು ಕೊಯ್ದು ತೆಗೆದರು. ಮೂಳೆಯ ಒಂದು ತುಂಡೂ ಹೋಯಿತು. ಆ ಕೆನ್ನೆ ಒಳಗೆ ಸೇದಿಕೊಂಡು, ಮೇಲಿನ ಚರ್ಮ ಕಪ್ಪಾಯಿತು. ಮಾತು ತೊದಲತೊಡಗಿತು, ಹೇರಂಬನೊಬ್ಬನಿಗೆ ಮಾತ್ರ ಅದು ನೀಟಾಗಿ ತಿಳಿಯುತ್ತಿತ್ತು. ಮಾಘದಲ್ಲಿ ಮತ್ತೆ ತೋರಿಸಿದಾಗ ಡಾಕ್ಟರು ಹೇರಂಬನನ್ನು ಹೊರಗೆ ಕರೆದು, ಇನ್ನು ಎರಡು ಮೂರು ತಿಂಗಳು ಎಂದರು. ಒಳಗೆ ಬಂದವನ ಮುಖ ನೋಡಿಯೇ ಕುಮುದಳಿಗೆ ತಿಳಿಯಿತು. ಮನೆಗೆ ಬರುವಾಗ ರಿಕ್ಷಾದಲ್ಲಿ ಅಪ್ಪಾ ಬಳವಂತ ಚೌಕಿನ ಪುಸ್ತಕದಂಗಡಿಗಳ ಗಾಜುಗಳ ಮುಂದೆ ಹಾಯುತ್ತಿದ್ದಾಗ ಮೆಲ್ಲಗೆ ಅಂದಳು, "ಒಂದ ಸಲ ನನ್ನ ಮುಖ ಹಾಕ್ರಿ. ಈ ಕಾಜಿನಾಗ ಇಟ್ಟಿದ್ದು ನೋಡಬೇಕು ಅಂತ ಆಗೇದ."

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವಳು ಕೇಳಿಕೊಂಡದ್ದು ಅದೊಂದೇ. ಹೇರಂಬ ಬೀದಿಯ ಕಡೆ ಮುಖ ತಿರುಗಿಸಿ "ಹೂಂ" ಅಂದ.

ಆಗ ಕೈಯಲ್ಲಿ ಸರಿಯಾಗಿ ಒಂದು ಕೆಲಸವೂ ಇತ್ತು. ಗಂಡ ದಂಡಿಗೆ ಹೋದಾಗ ಆರು ತಿಂಗಳು ಕೋಟೆ ಕಾದ ಕಿಲ್ಲೇದಾರನ ಹೆಂಡತಿಯ ಕಥೆ. ಕುಮುದಳ ಹಾಗೆ ಅವಳಿಗೂ ಐವತ್ತು ದಾಟಿದೆ. ಯುಗಾದಿಗೆ, ಅಂದರೆ ಅಲ್ಲಿಯವರ ಪಾಡವಾಕ್ಕೆ, ಪುಸ್ತಕ ಹೊರಬರಬೇಕು. ಪ್ರಕಾಶಕರು ನಾನಾ ಖಾಂಬೇಟೆ. ಯಾರನ್ನೂ ಹೊಗಳಿದ ದಾಖಲೆ ಇಲ್ಲದ ಮನುಷ್ಯ. ಹೇರಂಬ ವಿಷಯ ಹೇಳಿದಾಗ ಕನ್ನಡಕದ ಮೇಲಿನಿಂದ ನೋಡಿ, "ಇಷ್ಟು ವರ್ಷ ಕುಮುದ ವೈನಿಯ ಬೆನ್ನ ಮ್ಯಾಲೆ ನನ್ನ ಅಂಗಡಿ ನಡದದ. ಮುಖ ಹಾಕಿದ್ರ ಮುಳುಗತದೇನು? ಮಾಡು," ಅಂದರು. ಪಾಡವಾದ ವಾರ ಅಂಗಡಿಯ ಮುಂದಿನ ಗಾಜಿನೊಳಗೆ ಅದೊಂದೇ ಪುಸ್ತಕ ಇಡುವುದಾಗಿಯೂ ಒಪ್ಪಿದರು.

ತೊಡಕು ಬಂದದ್ದು ನತ್ತಿನಿಂದ. ಗಂಡ ಬದುಕಿರುವ ಮುತ್ತೈದೆ, ಕಿಲ್ಲೇದಾರಿಣಿ. ನತ್ತು ಬೇಕೇ ಬೇಕು. ನತ್ತು ಇಡುವುದು ಎಡ ಮೂಗಿಗೆ. ಎಡಗಡೆಯಿಂದ ಫೋಟೋ ತೆಗೆದರೆ ಕೊಯ್ದ ಕೆನ್ನೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಆ ಕೆನ್ನೆಯನ್ನು ತುಂಬಿಸಬಹುದಿತ್ತು. ಹೇರಂಬ ಒಂದು ಮಧ್ಯಾಹ್ನ ತುಂಬಿಸಿಯೂ ನೋಡಿದ. ಮುಗಿದಾಗ ಪರದೆಯ ಮೇಲೆ ಇದ್ದವಳು ಬೇರೆ ಯಾರೋ. ಮತ್ತೆ ಇನ್ನೊಬ್ಬಳ ಮುಖವನ್ನೇ ಹಾಕಿದಂತಾಯಿತೆಂದು ಅದನ್ನು ಅಳಿಸಿ ಹಾಕಿದ.

ದಾರಿ ತೋರಿಸಿದವಳು ಕುಮುದಳೇ. "ಬಲಗಡೆಯಿಂದ ತಗೀರಿ. ನತ್ತು ಬಲಕ್ಕ ಇಟಗೋತೀನಿ, ಸೆರಗೂ ಬಲ ಹೆಗಲಿಗೆ. ಆಮ್ಯಾಲೆ ಪಟ ತಿರುವಿ ಹಾಕ್ರಿ. ಎಲ್ಲಾ ಎಡಕ್ಕ ಬರತದ."

ಪಕ್ಕದ ಮನೆಯ ಪಾಟಣಕರ ಕಾಕು ಒಂಬತ್ತು ಗಜದ ಸೀರೆ ಉಡಿಸಲು ಬಂದರು. ಎಪ್ಪತ್ತರ ಹೆಂಗಸು, ಅರವತ್ತು ವರ್ಷ ಒಂದೇ ಕಡೆಗೆ ತಿರುಗಿದ ಕೈ ಈಗ ಉಲ್ಟಾ ತಿರುಗಲು ಒಪ್ಪಲೇ ಇಲ್ಲ. ಮೂರು ಸಲ ಉಡಿಸಿ ಮೂರು ಸಲ ಬಿಚ್ಚಿದರು. "ಏ ಕುಮುದಾ, ನಿನ್ನ ಗಂಡಗ ಬುದ್ಧಿ ಇಲ್ಲ ಅಂತ ನನಗ ಮೊದಲೇ ಗೊತ್ತಿತ್ತು. ನಿನಗೂ ಇಲ್ಲ ಅಂತ ಇವತ್ತ ಗೊತ್ತಾತು," ಎಂದು ಬೈದರು. ಬಲ ಮೂಗಿಗೆ ಚುಚ್ಚಿದ ತೂತಿಲ್ಲ. ಒತ್ತಿ ಕೂರಿಸುವ ನತ್ತು ತಂದು ಸಿಕ್ಕಿಸಿದರು. ಕುಮುದ ಕಿಟಕಿಯ ಬೆಳಕಿಗೆ ನಿಂತಳು. ಅರ್ಧ ಗಂಟೆ ನಿಂತ ಮೇಲೆ ಕಿಟಕಿಯ ಸರಳು ಹಿಡಿದುಕೊಂಡಳು. ಆದರೂ ಕೊನೆಯ ನಾಲ್ಕು ಫೋಟೋಗಳಲ್ಲಿ ಅವಳು ದೂರದ ದಂಡಿನ ದಾರಿ ನೋಡುವಂತೆಯೇ ನೋಡಿದ್ದಳು.

ಹೇರಂಬ ನಾಲ್ಕು ದಿನ ಕೂತು ಮುಖಪುಟ ಮಾಡಿದ. ಹಿಂದೆ ಕೋಟೆಯ ಕೊತ್ತಲ, ಬೆಳಗಿನ ಮಂಜು, ಮೇಲೆ ಹೆಸರು. ಕಡೆಗೆ ಅವಳ ಪಟವನ್ನಷ್ಟೇ ತಿರುವಿ ಹಾಕಿದ. ನತ್ತು ಎಡಕ್ಕೆ ಬಂತು, ಸೆರಗು ಎಡ ಹೆಗಲಿಗೆ ಬಂತು, ಇತಿಹಾಸಕ್ಕೆ ಒಂದು ಕೂದಲೆಳೆಯಷ್ಟೂ ಚ್ಯುತಿ ಇಲ್ಲ. ಆದರೆ ಮುಖ ನೋಡಿ ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಬಲ ತುಟಿಯ ಪಕ್ಕದ ಮಚ್ಚೆ ಎಡಕ್ಕೆ ಹೋಗಿದೆ. ಚಿಕ್ಕಂದಿನಲ್ಲಿ ಬಿದ್ದು ಸೀಳಿದ ಹುಬ್ಬು ಇನ್ನೊಂದು ಕಡೆಗೆ. ಕುಮುದಳ ತಂಗಿ ಎಂದರೆ ನಂಬಬಹುದು, ಕುಮುದ ಅಲ್ಲ.

ಅವಳು ಮಾತ್ರ ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದಳು. "ಹೂಂ. ಇದ ನಾನು," ಅಂದಳು. "ದಿನಾ ಕನ್ನಡಿಯಾಗ ಹೀಂಗ ಇರತೀನಿ."

ಹೇರಂಬ ಎರಡು ಮುಖಪುಟಗಳನ್ನೂ ಇಟ್ಟುಕೊಂಡ. ತಿರುವಿದ್ದು ಪುಸ್ತಕಕ್ಕೆ, ತಿರುವದೆ ಬಿಟ್ಟದ್ದು ತನಗೆ.

ಸೋಮವಾರ ಬೆಳಿಗ್ಗೆ ಕುಮುದಳಿಗೆ ಉಸಿರು ಹಿಡಿಯಿತು. ಆಸ್ಪತ್ರೆಗೆ ಸೇರಿಸಿದ್ದಾಯಿತು. ಮಂಚದ ಪಕ್ಕ ಕೂತಿದ್ದಾಗ ನಾನಾ ಅವರ ಫೋನ್ ಬಂತು: ಅಚ್ಚಿನ ಮನೆಯವರು ಕಾಯುತ್ತಿದ್ದಾರೆ, ಮುಖಪುಟ ಈಗಲೇ ಬೇಕು. ಹೇರಂಬ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡನ್ನೂ ತೆರೆದ. ಒಂದು ಕಣ್ಣು ಆಮ್ಲಜನಕದ ನಳಿಕೆಯ ಮೇಲೆ. ಎರಡರಲ್ಲಿ ಒಂದು ಸರಿಯಿದೆ ಎಂದಿತು ಮನಸ್ಸು. ಅದನ್ನೇ ಕಳಿಸಿದ. ಅಚ್ಚಿಗೆ ಮೊದಲು ನಾನಾ ಕೂಡ ನೋಡಿದ್ದರು, ಆದರೆ ಅವರು ನೋಡಿದ್ದು ಪ್ರಕಾಶನದ ಹೆಸರು ಎಷ್ಟು ದೊಡ್ಡದಾಗಿ ಬಂದಿದೆ ಎನ್ನುವುದನ್ನು ಮಾತ್ರ.

ಕುಮುದ ಚೇತರಿಸಿಕೊಂಡು ಮನೆಗೆ ಬಂದಳು. ಮುಂದಿನ ಗುರುವಾರ ಮಧ್ಯಾಹ್ನ ಮೊದಲ ಪ್ರತಿ ಬಂತು. ಗಾಜಿನೊಳಗೆ ಇಡುವುದು ಶುಕ್ರವಾರ ಸಂಜೆ; ಶನಿವಾರ ಬೆಳಿಗ್ಗೆ ಅವಳನ್ನು ಕರೆದೊಯ್ಯಲು ಹೇರಂಬ ರಿಕ್ಷಾದವನಿಗೆ ಆಗಲೇ ಹೇಳಿಯಾಗಿತ್ತು. ಪುಸ್ತಕವನ್ನು ಅವಳ ಕೈಗೆ ಕೊಟ್ಟು, ಅವಳ ಮುಖ ಅರಳುವುದನ್ನು ನೋಡಲು ಎದುರಿಗೆ ಕೂತ.

ಕುಮುದ ನೋಡಿದಳು. "ಇಕಿ ಯಾರ್ರೀ?"

"ನೀನೇ."

"ನಾ ಹೀಂಗ ಇಲ್ಲ. ಮಚ್ಚಿ ಆ ಕಡೆ ಅದ ನಂದು." ಅವಳ ಬೆರಳು ತುಟಿಯಿಂದ ಮೇಲೆ ಸರಿದು ಮೂಗಿನ ಮೇಲೆ ನಿಂತಿತು. "ನತ್ತು ಬಲಕ್ಕ ಬಂದದ."

ಹೇರಂಬ ಪುಸ್ತಕ ಕಸಿದುಕೊಂಡು ನೋಡಿದ. ಕಳಿಸಿದ್ದು ತನಗೆಂದು ಇಟ್ಟುಕೊಂಡದ್ದನ್ನು. ನಲವತ್ತೊಂದು ಮುಖಪುಟಗಳಲ್ಲಿ ಒಂದು ಗುಂಡಿ ತಪ್ಪಿರಲಿಲ್ಲ, ಒಂದು ಪೇಟದ ಸುತ್ತು ತಪ್ಪಿರಲಿಲ್ಲ.

"ನನಗ ಇದೇ ಸರಿ ಅನಸ್ತು ಕುಮುದಾ," ಅಂದ.

ಅವಳು ಪುಸ್ತಕವನ್ನು ಮತ್ತೆ ತೆಗೆದುಕೊಂಡಳು. ಈ ಸಲ ಸಿಟ್ಟಿಲ್ಲದೆ, ಗುರುತಿಲ್ಲದವರನ್ನು ನೋಡುವ ಕುತೂಹಲದಿಂದ ನೋಡಿದಳು.

"ಅಂದ್ರ ಮೂವತ್ತೊಂದು ವರ್ಷ ನೀವು ನೋಡಿದ್ದು ಇಕಿನ್ನ?"

"ಹೌದು."

"ಛಲೋ ಅದಾಳ," ಅಂದಳು.

ಹೇರಂಬ ಅವಳ ಕೈ ಹಿಡಿದುಕೊಂಡ. "ಶನಿವಾರದ ತನಕ ಯಾರಿಗೂ ಹೇಳೂದು ಬ್ಯಾಡ. ನೀ ಒಮ್ಮೆ ಕಾಜಿನಾಗ ನೋಡಿ ಬಿಡು. ಆಮ್ಯಾಲೆ ನಾನೇ ಖಾಂಬೇಟೆಯವರಿಗೆ ಹೇಳತೀನಿ."

"ಅಲ್ಲೀತನಕ ಪೇಠೆ ಮಂದಿ ನಿಂತು ನಗತಾರ. ಪುಣೆಯವರು ಮುಖ ನೋಡೂಕಿಂತ ಮೊದಲು ನತ್ತು ನೋಡತಾರ, ನಿಮಗ ಗೊತ್ತಿಲ್ಲೇನು? ಯಾರ ಮುಖಕ್ಕ ನಗತಾರ? ನಂದಕ್ಕ." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ನಲವತ್ತೊಂದು ಸಲ ನನ್ನ ತಲಿ ತಗದ್ರಿ, ನಾ ಏನೂ ಅನಲಿಲ್ಲ. ಈ ಸಲ ಅಂತೀನಿ. ಫೋನ್ ಮಾಡ್ರಿ."

"ಮತ್ತ ಅಚ್ಚಾಗಿ ಬರಲಿಕ್ಕೆ ಹತ್ತು ದಿವಸ ಬೇಕು, ಕುಮುದಾ."

ಹತ್ತು ದಿವಸ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಗೋಡೆಯ ಕಡೆ ನೋಡಿದಳು. "ಆಗಲಿ," ಅಂದಳು.

"ಈಗ ಎರಡು ಗಂಟಿ. ನಾನಾ ಮಲಗಿರತಾರ."

"ಎಬ್ಬಸ್ರಿ."

ಒಂದರಿಂದ ನಾಲ್ಕರವರೆಗೆ ನಾನಾ ಖಾಂಬೇಟೆಯವರನ್ನು ಅವರ ತಾಯಿ ತೀರಿಕೊಂಡ ದಿನ ಬಿಟ್ಟರೆ ಯಾರೂ ಎಬ್ಬಿಸಿದ್ದಿಲ್ಲ. "ಮನಿ ಬಿದ್ದದೇನು ಹೇರಂಬಾ?" ಎಂದರು.

"ಇಲ್ಲ ನಾನಾ. ನತ್ತು ಬಲಕ್ಕ ಬಂದದ."

"ಮನಿ ಬಿದ್ದಿದ್ರ ಛಲೋ ಇತ್ತು," ಅಂದರು ನಾನಾ. ಸಂಜೆಯೊಳಗೆ ಅಂಗಡಿಗೆ ಬಂದಿದ್ದ ಕಟ್ಟುಗಳೆಲ್ಲ ಹಿಂದಕ್ಕೆ ಹೋದವು. ಶನಿವಾರ ರಿಕ್ಷಾದವನು ಬಂದು ಹಾರ್ನ್ ಹೊಡೆದ. ಹೇರಂಬ ಕೆಳಗಿಳಿದು ಹೋಗಿ ಬೇಡವೆಂದು ಹೇಳಿ ಬಂದ.

ಬುಧವಾರ ಬೆಳಿಗ್ಗೆ, ಅವನು ಅಡುಗೆಮನೆಯಲ್ಲಿ ಗಂಜಿ ಸೋಸುತ್ತಿದ್ದಾಗ, ಕುಮುದ ಹೋದಳು.

ತಿದ್ದಿದ ಪುಸ್ತಕ ಬಂದದ್ದು ಅದರ ಮುಂದಿನ ಭಾನುವಾರ. ನಾನಾ ಮನೆಗೆ ಬಂದು ಚಾಪೆಯ ಮೇಲೆ ಕೂತರು. ಏಳುವಾಗ, "ಕಾಜಿನಾಗ ಇಟ್ಟೀನಿ. ಒಮ್ಮೆ ಬಂದು ನೋಡು," ಎಂದಷ್ಟೇ ಅಂದರು.

ಹನ್ನೊಂದನೆಯ ದಿನ ಮುಗಿದ ಮೇಲೆ ಹೇರಂಬ ಹೋದ. ಗಾಜಿನೊಳಗೆ ಅದೊಂದೇ ಪುಸ್ತಕ ನಿಂತಿತ್ತು. ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. "ನತ್ತು ನೋಡು, ಎಷ್ಟು ಪದ್ಧತಿ ಪ್ರಕಾರ ಅದ," ಎಂದಳು ಒಬ್ಬಳು. "ಮುಖಾನೂ ನೋಡು," ಎಂದಳು ಇನ್ನೊಬ್ಬಳು, "ಖರೇ ಹಳೇ ಕಾಲದ ಮನೆತನದ ಮುಖ. ಈಗ ಇಂಥವರು ಎಲ್ಲಿ ಸಿಗತಾರ."

ನನ್ನ ಹೆಂಡತಿ ಎಂದು ಹೇಳಬೇಕೆನಿಸಿತು. ಆದರೆ ಎಷ್ಟು ನೋಡಿದರೂ ಅವನಿಗೆ ಗಾಜಿನೊಳಗೆ ಕುಮುದ ಸಿಗಲಿಲ್ಲ. ಅವಳು ದಿನಾ ಕುಂಕುಮ ಇಟ್ಟುಕೊಳ್ಳುವಾಗ ನೋಡಿಕೊಂಡ ಮುಖ ಇದು, ಅವಳಿಗೆ ತನ್ನದೆಂದು ಗುರುತಿದ್ದ ಮುಖ. ನೋಡಬೇಕಾದವಳು ಇಲ್ಲ, ನೋಡುತ್ತಿರುವವನಿಗೆ ಗುರುತಿಲ್ಲ. ಹೇರಂಬ ನಡುಬೀದಿಯಲ್ಲಿ ನಿಂತು ಅತ್ತ. ಹೆಂಗಸರು ಸರಿದು ದಾರಿ ಬಿಟ್ಟರು.

ಒಳಗೆ ಹೋಗಿ, "ಆ ತಪ್ಪಿದ ಮುಖಪುಟ ಒಂದು ಕೊಡ್ರಿ ನಾನಾ," ಅಂದ.

"ರದ್ದಿಗೆ ಹಾಕಲಿಕ್ಕೆ ಕಟ್ಟಿ ಇಟ್ಟಾರ. ಎಷ್ಟು ಬೇಕು ತಗೋ."

"ಒಂದ ಸಾಕು."

ಹದಿಮೂರನೆಯ ದಿನ ಜನ ಸೇರುವ ಹೊತ್ತಿಗೆ ಅದು ಚೌಕಟ್ಟಿನೊಳಗೆ ಗೋಡೆಯ ಮೇಲೆ ಇತ್ತು, ಹೂಮಾಲೆ ಹಾಕಿತ್ತು. ಕಾದಂಬರಿಯ ಹೆಸರು, ಬರೆದವರ ಹೆಸರು, ಖಾಂಬೇಟೆಯವರ ಪ್ರಕಾಶನದ ದೊಡ್ಡ ಅಕ್ಷರಗಳು ಎಲ್ಲ ಹಾಗೇ ಇದ್ದವು. ಅಕ್ಷರ ಅಳಿಸಿ, ಕೋಟೆ ತೆಗೆದು, ಮುಖವನ್ನಷ್ಟೇ ಬಿಡಿಸಿಕೊಳ್ಳುವುದು ಹೇರಂಬನಿಗೆ ಹತ್ತು ನಿಮಿಷದ ಕೆಲಸ. ಅವಳನ್ನು ಇನ್ನೊಮ್ಮೆ ಕತ್ತರಿಸಲು ಕೈ ಏಳಲಿಲ್ಲ.

ಪಾಟಣಕರ ಕಾಕು ಕೈಮುಗಿದು, ಕಣ್ಣು ಕಿರಿದು ಮಾಡಿ ನೋಡಿದರು. "ಹೇರಂಬಾ, ನತ್ತು ಉಲ್ಟಾ ಅದಲ್ಲೋ. ಮಂದಿ ಏನಂದಾರು?"

"ಅನಲಿ ಕಾಕು," ಅಂದ ಹೇರಂಬ. "ಮಚ್ಚಿ ಸರಿ ಅದ."